ಪೆರ್ನಾಲ್ ಮುಗಿದ ಮೇಲೆ ಬಂದ ಪಾರ್ಸೆಲ್

ಕಳೆದ ರಂಝಾನ್ ಪೆರ್ನಾಲ್ ಮುಗಿದು ಮೂರು ವಾರ ದಾಟಿತ್ತು. ಅಸರ್ ನಮಾಝ್ ಮುಗಿಸಿ ಹೊರಬರುವಾಗ ನಮ್ಮ ಮೊಹಲ್ಲಾದ ಒಬ್ಬರು ನಮ್ಮನ್ನು ತಡೆದು, "ಉಸ್ತಾದ್, ಮನೆಗೊಮ್ಮೆ ಬಂದು ಹೋಗಿ, ಹೆಂಡತಿಗೆ ಒಂದು ಮಸ್‌ಅಲ ಕೇಳ್ಲಿಕ್ಕುಂಟು" ಅಂದರು. ಹನ್ನೆರಡು ವರ್ಷ ಗಲ್ಫ್‌ನಲ್ಲಿದ್ದು ಕೆಲಸ ಬಿಟ್ಟು ಊರಿಗೆ ಬಂದವರು ಅವರು. ಈಗ ಮನೆ ನಡೆಯುವುದು ಹೆಚ್ಚಾಗಿ ಹೆಂಡತಿಯ ಹೊಲಿಗೆಯಿಂದ. ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ ಇಟ್ಟು ಅಬಾಯ ಹೊಲಿದು, ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುತ್ತಾರೆ.

ಹೋಗಿ ನೋಡಿದರೆ ನೆಲದ ಮೇಲೆ ಹನ್ನೊಂದು ಪಾರ್ಸೆಲ್ ಸಾಲಾಗಿ ಇಟ್ಟಿದ್ದರು. ಎಲ್ಲವೂ ಪೆರ್ನಾಲ್‌ಗೆ ಮುಂಚೆ ಹೋದ ಮಾಲು, ಎಲ್ಲವೂ ವಾಪಸ್. ಮೂರು ಬಿಚ್ಚದೆ ಹಾಗೇ ಬಂದಿದ್ದವು. ನಾಲ್ಕರಲ್ಲಿ ಅತ್ತರಿನ ವಾಸನೆ. ಆ ನಾಲ್ಕರಲ್ಲಿ ಒಂದರ ತೋಳಿನಲ್ಲಿ ಬಿರಿಯಾನಿ ಎಣ್ಣೆಯ ಕಲೆ. ಇನ್ನೊಂದು ಕವರ್ ತೆಗೆದರೆ ಒಳಗೆ ಇವರು ಹೊಲಿದದ್ದೇ ಅಲ್ಲ, ಯಾರದ್ದೋ ಮಾಸಿದ ಹಳೇ ಬುರ್ಖಾ.

ಬಾಗಿಲ ಆಚೆಯಿಂದ ಆ ಹೆಣ್ಣುಮಗಳು ಎರಡು ಪ್ರಶ್ನೆ ಕೇಳಿದರು. ಒಂದು, "ತಡವಾಗಿ ಬಂದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರೆ ನನಗೆ ಗುನಾಹ್ ಉಂಟಾ?" ಎರಡನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದರು. "ಅತ್ತರಿನ ವಾಸನೆ ಇರುವುದನ್ನು ತೊಳೆದು ಇಸ್ತ್ರಿ ಹಾಕಿ ಹೊಸ ಕವರ್‌ನಲ್ಲಿ ಕಳಿಸಿದರೆ ಗೊತ್ತಾಗುದಿಲ್ಲ. ಎಲ್ಲರೂ ಹಾಗೇ ಮಾಡ್ತಾರಂತೆ. ಮಾಡಬಹುದಾ?"

ನಮಗೆ ಕೂಡಲೇ ಉತ್ತರ ಹೇಳ್ಲಿಕ್ಕೆ ಆಗಲಿಲ್ಲ. ಎರಡನೆಯದಕ್ಕೆ ಉತ್ತರ ಸುಲಭ, ಅದು ಕಿತಾಬಿನಲ್ಲಿದೆ. ಮೊದಲನೆಯದರಲ್ಲೇ ತೊಡಕು. ಯಾಕೆಂದರೆ ವಾಪಸ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಗಿರಾಕಿಗೆ ಹಣ ಹೋಗಿ ಆಗಿತ್ತು. ಇವರ ಖಾತೆಯಿಂದ ಕಡಿತವೂ ಆಗಿತ್ತು. ಮಾಲು ಮಾತ್ರ ಕೊನೆಗೆ ಬಂದು ತಲುಪಿತ್ತು.

ಈ ವಿಷಯವನ್ನು ಬರೆಯುವ ಅಂತ ನಮಗೆ ಅನಿಸಿದ್ದು, ಈಗ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಒಂದು ಮೂಲೆ ಅಂಗಡಿ ಇರುವುದರಿಂದ. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರಿದ್ದಾರೆ. ಬಂದರಿನ ಮಳಿಗೆಯಲ್ಲಿ ಕೂತು ಮಾಡುತ್ತಿದ್ದ ವ್ಯಾಪಾರ ಈಗ ಉಳ್ಳಾಲ, ತೊಕ್ಕೊಟ್ಟು, ಬಿ.ಸಿ.ರೋಡ್, ಉಪ್ಪಿನಂಗಡಿಯ ಮನೆಗಳ ಒಳಗಿನಿಂದ ಮೊಬೈಲ್ ಮೂಲಕ ನಡೆಯುತ್ತಿದೆ. ಅಂಗಡಿಗೆ ಗಿರಾಕಿ ವಾಪಸ್ ಬಂದರೆ ಮುಖ ನೋಡಿ ಮಾತಾಡಿ ಇತ್ಯರ್ಥ ಮಾಡ್ಲಿಕ್ಕಾಗುತ್ತಿತ್ತು. ಇಲ್ಲಿ ಗಿರಾಕಿಯ ಮುಖ ಇಲ್ಲ, ಫೋನ್ ನಂಬರ್ ಇಲ್ಲ. ನಡುವೆ ಒಂದು ಕಂಪೆನಿ ಮಾತ್ರ ಇದೆ.

ತಡ ಎಂದರೆ ಒಂದೇ ತರ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಆ ಹನ್ನೊಂದು ಪಾರ್ಸೆಲ್‌ಗಳ ವಿವರವನ್ನು ಆ್ಯಪ್‌ನಲ್ಲಿ ಒಂದೊಂದಾಗಿ ತೆಗೆದು ನೋಡಿದಾಗ ಮೂರು ಬಗೆ ಕಂಡಿತು. ಮೂರು ಪಾರ್ಸೆಲ್ ಗಿರಾಕಿಗೆ ತಲುಪಲೇ ಇಲ್ಲ. ಮಾಲು ಬಂದಾಗ ಹಣ ಕೊಡುತ್ತೇನೆ ಎಂದು ಆರ್ಡರ್ ಮಾಡಿ, ಮನೆಯಲ್ಲಿಲ್ಲ ಎಂದೋ ಬೇಡ ಎಂದೋ ಬಾಗಿಲಲ್ಲೇ ತಿರುಗಿಸಿದ್ದು. ಇದನ್ನು ಈ ವ್ಯಾಪಾರದವರು ಆರ್‌ಟಿಒ ಎನ್ನುತ್ತಾರೆ. ನಮಗೆಲ್ಲ ಆರ್‌ಟಿಒ ಎಂದರೆ ಲೈಸೆನ್ಸ್ ಮಾಡಿಸುವ ಕಚೇರಿ ಮಾತ್ರ ಗೊತ್ತು! ಇನ್ನು ಆರು ಪಾರ್ಸೆಲ್‌ಗೆ ಗಿರಾಕಿ ಕೇಳಿದ್ದು ವಾಯಿದೆಯ ಒಳಗೇ. ಏಳು ದಿನದ ಅವಧಿ ಇದ್ದರೆ ಆರನೇ ದಿನ, ಏಳನೇ ದಿನ ಅರ್ಜಿ. ಆಮೇಲೆ ಮಾಲನ್ನು ಎತ್ತಿಕೊಂಡು ಹೋಗುವವರು ಬರುವುದು ತಡ, ಗೋದಾಮಿನಿಂದ ಗೋದಾಮಿಗೆ ಸುತ್ತುವುದು ತಡ. ಇದರಲ್ಲಿ ಗಿರಾಕಿಯ ತಪ್ಪು ಹುಡುಕಲಾಗದು. ಉಳಿದ ಎರಡು ಮಾತ್ರ ನಿಜವಾಗಿ ವಾಯಿದೆ ದಾಟಿದವು. ಗಿರಾಕಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸಿಟ್ಟು ತೋರಿಸಿದಾಗ, ಆಚೆ ಬದಿಯವರು 'ಈ ಒಂದು ಸಲಕ್ಕೆ' ಎಂದು ಒಪ್ಪಿಬಿಟ್ಟಿದ್ದರು.

ಮೂರು ಬಗೆಗೂ ಫಲ ಒಂದೇ. ಹಬ್ಬದ ಬಟ್ಟೆ ಹಬ್ಬ ಕಳೆದ ಮೇಲೆ ಮನೆಗೆ ಬಂತು.

ಅವರ ನೋಟ್‌ಬುಕ್‌ನ ಲೆಕ್ಕ ಕೇಳಿ. ಒಂದು ಅಬಾಯದ ಬೆಲೆ 1,199 ರೂಪಾಯಿ. ಬಟ್ಟೆಗೆ 520, ಸಹಾಯಕ್ಕೆ ಬರುವ ಹುಡುಗಿಯ ಹೊಲಿಗೆ ಕೂಲಿ 180, ಕವರ್ ಮತ್ತು ಪೆಟ್ಟಿಗೆಗೆ 20, ಒಟ್ಟು 720. ಬೆಲೆಯೊಳಗೇ ಸೇರಿದ ಶೇಕಡಾ 5 ಜಿಎಸ್‌ಟಿ 57. ಕಂಪೆನಿಯ ಕಮಿಷನ್, ಸಾಗಾಟ ಎಲ್ಲ ಸೇರಿ ಸುಮಾರು 250. ಕೈಗೆ ಉಳಿಯುವುದು 172. ಮಾಲು ವಾಪಸ್ ಬಂದರೆ ಕಮಿಷನ್, ತೆರಿಗೆ ಸರಿಹೊಂದಿಸಲ್ಪಡುತ್ತದೆ, ಆದರೆ ಸಾಗಾಟಕ್ಕೆಂದು ಅವರಿಗೆ ಸುಮಾರು 160 ರೂಪಾಯಿ ಹೋಗುತ್ತದೆ. ಮಾಲು ಮಾರಲಾಗದ ಸ್ಥಿತಿಯಲ್ಲಿದ್ದರೆ ಆ 720 ಸೇರಿ 880 ನಷ್ಟ. ಐದು ಅಬಾಯ ಮಾರಿದ ಲಾಭ ಪೂರ್ತಿ ಕೊಟ್ಟರೂ ಒಂದರ ನಷ್ಟಕ್ಕೆ ಇನ್ನೂ 20 ರೂಪಾಯಿ ಕಡಿಮೆ ಬೀಳುತ್ತದೆ. ಅವರ ಸ್ವಂತ ದುಡಿಮೆಯನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. ಕೇಳಿದ್ದಕ್ಕೆ, "ಅದು ಲೆಕ್ಕಕ್ಕೆ ಹಾಕುದಾ ಉಸ್ತಾದ್?" ಅಂತ ನಕ್ಕರು.

ಈ ಲೆಕ್ಕ ಕಣ್ಣ ಮುಂದೆ ಇದ್ದರೆ ಮಾತ್ರ ಎರಡನೇ ಪ್ರಶ್ನೆ ಯಾಕೆ ಬಂತು ಎಂದು ಅರ್ಥವಾಗುತ್ತದೆ. 880 ರೂಪಾಯಿಯ ಹೊಡೆತವನ್ನು ಒಂದು ಇಸ್ತ್ರಿ ಪೆಟ್ಟಿಗೆಯಿಂದ ತಪ್ಪಿಸಿಕೊಳ್ಳುವ ದಾರಿ ಎದುರಿಗೇ ಇದೆ. ಆದರೆ ಹಾಗೆ ಮಾಡಿದರೆ ಆ ಹೊಡೆತ ಎಲ್ಲಿಗೆ ಹೋಗುತ್ತದೆ? ಹೊಸದೆಂದು ಪೂರ್ತಿ ಬೆಲೆ ಕೊಟ್ಟು ತರಿಸುವ ಇನ್ಯಾವಳೋ ಹೆಣ್ಣುಮಗಳಿಗೆ. ಪ್ರವಾದಿ(ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆ ಕಂಡಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ವ್ಯಾಪಾರಿ ಮಳೆಯಿಂದ ಒದ್ದೆಯಾಯಿತು ಎಂದ. ಅಂದರೆ ಅದು ಅವನ ತಪ್ಪಲ್ಲ. ಆದರೂ ಮುಚ್ಚಿಡುವುದು ತಪ್ಪೇ. ನಮ್ಮ ಉತ್ತರವೂ ಅದೇ ಆಗಿತ್ತು: ಅತ್ತರಿನ ಅಬಾಯವನ್ನು ಹೊಸದೆಂದು ಮಾರಕೂಡದು. ಒಮ್ಮೆ ವಾಪಸ್ ಬಂದದ್ದು ಎಂದು ಹೇಳಿ, ಬೆಲೆ ಇಳಿಸಿ ಮಾರಬಹುದು. ನಷ್ಟ ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂಬುದು ನಿಜ. ಆದರೆ ಅದು ಮುಂದಿನವರ ತಪ್ಪೂ ಅಲ್ಲವಲ್ಲ.

ಹಾಗಾದರೆ ನಷ್ಟ ಯಾರದ್ದು? ಇಲ್ಲಿಂದ ಮೊದಲನೇ ಪ್ರಶ್ನೆಗೆ ಬರಬೇಕು. ದೇಶದ ಕಾನೂನು ಏನೆನ್ನುತ್ತದೆ ಎಂದು ನೋಡುವ.

ನಮ್ಮಲ್ಲಿ ಹೆಚ್ಚಿನವರು ಏಳು ದಿನ, ಹತ್ತು ದಿನದೊಳಗೆ ವಾಪಸ್ ಮಾಡುವುದು ಸರಕಾರ ಕೊಟ್ಟ ಹಕ್ಕು ಎಂದು ತಿಳಿದಿದ್ದಾರೆ. ಹಾಗಲ್ಲ. ಯುರೋಪಿನ ದೇಶಗಳಲ್ಲಿ, ಬ್ರಿಟನ್‌ನಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಮನಸ್ಸು ಬದಲಾಯಿತು ಎಂಬ ಕಾರಣಕ್ಕೇ 14 ದಿನದೊಳಗೆ ಬೇಡವೆನ್ನುವ ಹಕ್ಕು ಕಾನೂನಿನಲ್ಲೇ ಉಂಟು. ಭಾರತದಲ್ಲಿ ಅಂಥ ಕಾನೂನು ಇಲ್ಲ. ಇಲ್ಲಿ ಕಾರಣ ಕೇಳದೆ ವಾಪಸ್ ಪಡೆಯುವುದು ಕಂಪೆನಿಗಳು ಗಿರಾಕಿಗೆ ತಾವಾಗಿ ಕೊಟ್ಟ ಮಾತು. ಕಾನೂನು ಕಟ್ಟುನಿಟ್ಟಾಗಿ ಹೇಳುವುದು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರನಿಗೆ ಮತ್ತೂ ಸ್ಪಷ್ಟವಾಗಿ ಹೇಳುತ್ತವೆ: ಮಾಲು ದೋಷದ್ದಾದರೆ, ನಕಲಿಯಾದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ಹಾಗಾಗಿ ನಮ್ಮ ಕೆಲವು ಅಂಗಡಿಯವರು ಬಿಲ್ಲಿನ ಕೆಳಗೆ ಮುದ್ರಿಸುವ 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಸಾಲು ದೋಷವಿದ್ದ ಮಾಲಿನ ಎದುರು ನಿಲ್ಲುವುದಿಲ್ಲ.

ಕೊನೆಯ ಮಾತನ್ನು ಮಾರುವವರು ಎರಡು ಸಲ ಓದಬೇಕು. ಹಬ್ಬಕ್ಕೆ ಮುಂಚೆ ತಲುಪುತ್ತದೆ ಎಂದು ತೋರಿಸಿದ ಅಬಾಯ ಹಬ್ಬದ ಮರುದಿನ ತಲುಪಿದರೆ ಆ ಗಿರಾಕಿ ವಾಪಸ್ ಮಾಡುವುದು ಉಪಕಾರ ಕೇಳಿದ ಹಾಗೆ ಅಲ್ಲ, ಹಕ್ಕು ಕೇಳಿದ ಹಾಗೆ.

ಇನ್ನು ನಮ್ಮ ಕಿತಾಬುಗಳು. ಕರಾವಳಿಯ ದರ್ಸ್‌ಗಳಲ್ಲಿ ಓದಿಸುವ, ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅವರ ಫತ್‌ಹುಲ್ ಮುಈನ್‌ನಲ್ಲಿ ವ್ಯಾಪಾರದ ಅಧ್ಯಾಯಕ್ಕೆ ಬಂದಾಗ ನಾವೆಲ್ಲ ಖಿಯಾರ್‌ನ ಪಾಠ ಕಲಿತಿದ್ದೇವೆ. ಖಿಯಾರ್ ಎಂದರೆ ವ್ಯಾಪಾರವನ್ನು ಉಳಿಸಿಕೊಳ್ಳುವ ಅಥವಾ ಮುರಿಯುವ ಆಯ್ಕೆ. ಕಲಿಯುವಾಗ ಒಂಟೆ, ಖರ್ಜೂರ, ಗುಲಾಮರ ಉದಾಹರಣೆ. ಇದೆಲ್ಲ ನಮಗೆ ಎಂತಕ್ಕೆ ಎಂದು ಆಗ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಈಗ ಈ ಹನ್ನೊಂದು ಪಾರ್ಸೆಲ್ ಮುಂದೆ ಕೂತಾಗ ಒಂದೊಂದು ಮಸ್‌ಅಲವೂ ಎದ್ದು ಬಂತು.

ಶಾಫಿಈ ಮದ್‌ಹಬಿನಲ್ಲಿ ಕೊಳ್ಳುವವನೂ ಮಾರುವವನೂ ಒಪ್ಪಿ ಇಟ್ಟುಕೊಳ್ಳುವ ಆಯ್ಕೆಯ ಅವಧಿ ಹೆಚ್ಚೆಂದರೆ ಮೂರು ದಿನ. ದೋಷ ಕಂಡರೆ ವಾಪಸ್ ಮಾಡುವ ಹಕ್ಕಿಗೆ ಈ ಮೂರು ದಿನದ ಮಿತಿ ಇಲ್ಲ, ಆದರೆ ದೋಷ ಕಂಡ ಕೂಡಲೇ ಹೇಳಬೇಕು. 'ಕೂಡಲೇ' ಎಂಬುದನ್ನು ನಮ್ಮ ಉಲಮಾಗಳು ಎಷ್ಟು ಮನುಷ್ಯತ್ವದಿಂದ ಅಳೆದಿದ್ದಾರೆ ನೋಡಿ: ನಮಾಝ್‌ನಲ್ಲಿದ್ದಾಗ, ಊಟ ಮಾಡುವಾಗ ಗೊತ್ತಾದರೆ ಮುಗಿಸಿ ಹೋಗಬಹುದು, ರಾತ್ರಿ ಗೊತ್ತಾದರೆ ಬೆಳಗಾಗುವ ತನಕ ಕಾಯಬಹುದು. ಆದರೆ ದೋಷ ಗೊತ್ತಾದ ಮೇಲೂ ಉಪಯೋಗಿಸುತ್ತಾ ಇದ್ದರೆ ಹಕ್ಕು ಹೋಯಿತು. ಕೊಂಡವನ ಕೈಯಲ್ಲಿ ಹೊಸದೊಂದು ದೋಷ ಸೇರಿಕೊಂಡರೆ, ಆಗಲೂ ಅವನು ಒತ್ತಾಯದಿಂದ ವಾಪಸ್ ಮಾಡುವ ಹಾಗಿಲ್ಲ; ಮೊದಲೇ ಇದ್ದ ದೋಷಕ್ಕೆ ತಕ್ಕ ಪರಿಹಾರವನ್ನು ಕೇಳಬಹುದು ಅಥವಾ ಮಾರಿದವನು ಒಪ್ಪಿದರೆ ತಿರುಗಿಸಬಹುದು. ಬಿರಿಯಾನಿ ಎಣ್ಣೆ ಅಂದರೆ ಇದೇ ತಾನೇ?

ಇನ್ನೂ ಹತ್ತಿರದ ಮಸ್‌ಅಲ ಒಂದುಂಟು. ಹಾಲು ಜಾಸ್ತಿ ಎಂದು ತೋರಿಸಲು ಕೆಲವು ದಿನ ಕರೆಯದೆ ಕೆಚ್ಚಲು ತುಂಬಿಸಿ ಆಡನ್ನೋ ಒಂಟೆಯನ್ನೋ ಮಾರುವುದನ್ನು ಪ್ರವಾದಿ(ಸ) ಅವರು ನಿಷೇಧಿಸಿದರು. ಮೋಸ ಹೋದವನಿಗೆ ವಾಪಸ್ ಮಾಡುವ ಆಯ್ಕೆ ಕೊಟ್ಟರು. ಆದರೆ ವಾಪಸ್ ಮಾಡುವಾಗ, ಕರೆದು ಕುಡಿದ ಹಾಲಿನ ಬದಲಿಗೆ ಒಂದು ಸಾಅ್ ಖರ್ಜೂರ ಜೊತೆಗೆ ಕೊಡಬೇಕು ಎಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಗಮನಿಸಿ, ಇಲ್ಲಿ ತಪ್ಪು ಮಾಡಿದ್ದು ಮಾರಿದವನೇ. ಹಾಗಿದ್ದೂ ಕುಡಿದ ಹಾಲಿಗೆ ಬೆಲೆ ಉಂಟು. ನಮ್ಮ ಕಾಲದ ಆ್ಯಪ್‌ಗಳಲ್ಲಿ ಇಲ್ಲದ್ದು ಈ ಒಂದು ಸಾಅ್ ಖರ್ಜೂರವೇ. ಒಂದು ದಿನ ತೊಟ್ಟರೂ ಪೂರ್ತಿ ಹಣ ವಾಪಸ್, ತೊಡದಿದ್ದರೂ ಪೂರ್ತಿ ಹಣ ವಾಪಸ್.

ದೋಷವೂ ಇಲ್ಲ, ವಾಯಿದೆಯೂ ಮುಗಿದಿದೆ, ಗಿರಾಕಿಗೆ ಸುಮ್ಮನೆ ಬೇಡವಾಗಿದೆ. ಆಗ? ಅದಕ್ಕೆ ಫಿಕ್‌ಹ್‌ನಲ್ಲಿ ಇಖಾಲ ಎನ್ನುತ್ತಾರೆ, ಅಂದರೆ ಇಬ್ಬರೂ ಒಪ್ಪಿ ವ್ಯಾಪಾರವನ್ನು ರದ್ದು ಮಾಡುವುದು. ಪಶ್ಚಾತ್ತಾಪ ಪಡುವ ಗಿರಾಕಿಯಿಂದ ಮಾಲನ್ನು ವಾಪಸ್ ಪಡೆದವನ ತಪ್ಪನ್ನು ಅಲ್ಲಾಹನು ಅಂತ್ಯದಿನ ಮನ್ನಿಸುವನು ಎಂಬ ಆಶಯದ ಹದೀಸನ್ನು ಅಬೂದಾವೂದ್, ಇಬ್ನುಮಾಜಾ ವರದಿ ಮಾಡಿದ್ದಾರೆ. ಅದರ ಪುಣ್ಯ ದೊಡ್ಡದು. ಆದರೆ ಅದು ಕಡ್ಡಾಯ ಅಲ್ಲ, ಮತ್ತು ಒಪ್ಪಿಗೆ ಇಲ್ಲದೆ ಅದು ಇಖಾಲವೇ ಅಲ್ಲ.

ಆ ಹೆಣ್ಣುಮಗಳ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿ. ವಾಯಿದೆ ದಾಟಿದ ಆ ಎರಡು ಪಾರ್ಸೆಲ್‌ನಲ್ಲಿ ಉಪಕಾರ ಮಾಡಿದವರು ಯಾರು? ಕಂಪೆನಿ. ಗಿರಾಕಿಯ 'ಥ್ಯಾಂಕ್ಸ್' ಯಾರಿಗೆ ಹೋಯಿತು? ಕಂಪೆನಿಗೆ. ಹಣ ಯಾರ ಖಾತೆಯಿಂದ ಕಡಿತವಾಯಿತು? ಹೊಲಿದವರ ಖಾತೆಯಿಂದ. ಇನ್ನೊಬ್ಬರ ಜೇಬಿನಿಂದ ತೆಗೆದು ದಾನ ಮಾಡುವುದಕ್ಕೆ ನಮ್ಮೂರಲ್ಲಿ ಬೇರೆ ಹೆಸರು ಉಂಟು. ವಾಪಸ್ ಇಲ್ಲ ಎಂದರೆ ಗುನಾಹ್ ಉಂಟಾ ಎಂದು ಅವರು ಕೇಳಿದ್ದಕ್ಕೆ, ದೋಷವಿಲ್ಲದ ಮಾಲಿನಲ್ಲಿ ಒಪ್ಪಿದ ಅವಧಿ ದಾಟಿದರೆ ಗುನಾಹ್ ಇಲ್ಲ ಎಂದೆವು. ಆದರೆ ಅವರಿಗೆ ಇಲ್ಲ ಎನ್ನುವ ಅವಕಾಶವೂ ಇಲ್ಲ, ಮನಸಾರೆ ಆಯ್ತು ಎಂದು ಪುಣ್ಯ ಪಡೆಯುವ ಅವಕಾಶವೂ ಇಲ್ಲ.

ಕಂಪೆನಿಗಳ ಪಕ್ಷದಲ್ಲೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ಸುಲಭವಾಗಿ ವಾಪಸ್ ಮಾಡಬಹುದು ಎಂಬ ಧೈರ್ಯ ಇಲ್ಲದಿದ್ದರೆ ಕಣ್ಣಿಂದ ನೋಡದ, ಕೈಯಿಂದ ಮುಟ್ಟದ ಬಟ್ಟೆಯನ್ನು ಲಕ್ನೋದ ಹೆಂಗಸೊಬ್ಬಳು ಉಳ್ಳಾಲದ ಹೊಲಿಗೆಯವಳಿಂದ ಕೊಳ್ಳುತ್ತಲೇ ಇರಲಿಲ್ಲ. ಆ ಧೈರ್ಯದಿಂದಲೇ ಈ ವ್ಯಾಪಾರ ಇಷ್ಟು ಬೆಳೆದದ್ದು. ನಮ್ಮ ತಕರಾರು ವಾಪಸಾತಿಯ ಮೇಲೆ ಅಲ್ಲ. ವಾಯಿದೆಯೊಳಗಿನದ್ದಕ್ಕೆ ಮಾರುವವರು ಒಪ್ಪಿಯೇ ಸೇರಿದ್ದಾರೆ. ವಾಯಿದೆ ದಾಟಿದ ಮೇಲೆ ಕಂಪೆನಿ ತನ್ನ ಗಿರಾಕಿಯನ್ನು ಉಳಿಸಿಕೊಳ್ಳಲು ಕೊಡುವ ವಿನಾಯಿತಿಯ ಖರ್ಚನ್ನು ಕಂಪೆನಿಯೇ ಹೊರಬೇಕು, ಅಷ್ಟೆ. ಮಾಲನ್ನು ಗೋದಾಮಿನಲ್ಲಿ ವಾರಗಟ್ಟಲೆ ಸುತ್ತಿಸಿದ ತಡಕ್ಕೂ ಹಾಗೇ.

ಈ ಮಾತು ಆಡುವವರು ಕಡಿಮೆ. 2025ರ ಅಕ್ಟೋಬರ್‌ನಲ್ಲಿ, ಮಾಲು ಬಂದಾಗ ಹಣ ಕೊಡುವವರಿಂದ ಕಂಪೆನಿಗಳು ಹೆಚ್ಚುವರಿ ಶುಲ್ಕ ವಸೂಲಿ ಮಾಡುವ ಬಗ್ಗೆ ತನಿಖೆ ನಡೆಸುತ್ತೇವೆ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಹೇಳಿದ್ದರು. ಗ್ರಾಹಕನ ಪರ ಅದು ಸರಿಯಾದ ಹೆಜ್ಜೆ. ಅದೇ ವರ್ಷ ಕರ್ನಾಟಕ ಸರಕಾರ ಪಾರ್ಸೆಲ್ ತರುವ ಹುಡುಗರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿತು. ಅದೂ ಒಳ್ಳೆಯದೇ. ಪಾರ್ಸೆಲ್ ತೆಗೆದುಕೊಳ್ಳುವವನಿಗೆ ಕಾನೂನು ಉಂಟು, ತಂದುಕೊಡುವವನಿಗೆ ಕಾನೂನು ಬಂತು. ಕಟ್ಟಿ ಕಳಿಸಿದವಳಿಗೆ ಇರುವುದು ಕಂಪೆನಿಯ ಜೊತೆಗಿನ ಒಪ್ಪಂದ ಮಾತ್ರ, ಅದನ್ನೂ ಕಂಪೆನಿಯೇ ಬರೆದದ್ದು, ಇಂಗ್ಲಿಷಿನಲ್ಲಿ. ವ್ಯಾಪಾರಕ್ಕಾಗಿ ಸೇವೆ ಪಡೆದವರನ್ನು 'ಗ್ರಾಹಕ' ಎಂಬ ಅರ್ಥದಿಂದ ಕಾಯ್ದೆಯೇ ಹೊರಗಿಟ್ಟಿರುವುದರಿಂದ ಗ್ರಾಹಕ ಆಯೋಗದ ಬಾಗಿಲು ಇವರಿಗೆ ಸುಲಭವಾಗಿ ತೆರೆಯುವುದೂ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಎಲ್ಲ ತಪ್ಪು ದೂರದ ಕಂಪೆನಿಯದ್ದೇ ಎಂದಾಗುತ್ತದೆ. ಆ ಅತ್ತರು ಯಾರ ಮನೆಯದ್ದು?

ನಮ್ಮ ಮದ್ರಸದ ಐದನೇ ತರಗತಿಯಲ್ಲಿ ಅಮಾನತ್‌ನ ಪಾಠ ಮಾಡುವಾಗ ಒಬ್ಬಳು ಮಗು ಹೆಮ್ಮೆಯಿಂದ, "ಉಸ್ತಾದ್, ನಾವು ಮಾಮನ ನಿಖಾಹ್‌ಗೆ ತಂದ ಡ್ರೆಸ್ ಎಲ್ಲ ಆಮೇಲೆ ವಾಪಸ್ ಕಳಿಸಿದ್ದು, ಒಂದು ರೂಪಾಯಿ ಹೋಗಲಿಲ್ಲ" ಎಂದಳು. ಉಳಿದ ಮಕ್ಕಳು ನಕ್ಕರು. ಅವರಿಗೆ ಅದು ಜಾಣತನದ ಕಥೆ. ಟ್ಯಾಗ್ ಕೀಳಬೇಡಿ, ಒಳಗೆ ಮಡಚಿ ಪಿನ್ ಹಾಕಿ, ಫೋಟೋ ತೆಗೆದು ವಾಪಸ್ ಕೊಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಡುವುದು ನಮ್ಮ ಮನೆಗಳಲ್ಲೂ ಶುರುವಾಗಿದೆ. 'ಕಂಪೆನಿಗೆ ಕೋಟಿಗಟ್ಟಲೆ ಉಂಟು, ನಮ್ಮ ಒಂದರಿಂದ ಎಂತ ಆಗ್ತದೆ' ಎಂಬುದು ಎಲ್ಲರ ಸಮಾಧಾನ. ಕಂಪೆನಿಗೆ ಏನೂ ಆಗುವುದಿಲ್ಲ ಎಂಬುದು ಸತ್ಯವೇ. ಆಗುವುದು ನೋಟ್‌ಬುಕ್‌ನಲ್ಲಿ 880 ಎಂದು ಬರೆದುಕೊಳ್ಳುವವರಿಗೆ. ಅವರು ಯಾವ ಊರಿನವರೋ ಎಂದು ನಮಗೆ ತಿಳಿಯದು. ಬಹುಶಃ ಪಕ್ಕದ ಮೊಹಲ್ಲಾದವರೇ ಇರಬಹುದು. ಹಕ್ಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕಿನ ವಿಷಯದಲ್ಲಿ ಸಂಬಂಧಪಟ್ಟವರೇ ಮನ್ನಿಸಬೇಕು ಎಂದು ಕಲಿತ ನಾವು, ಮನ್ನಿಸು ಎಂದು ಕೇಳ್ಲಿಕ್ಕೆ ವಿಳಾಸವೇ ಗೊತ್ತಿಲ್ಲದ ಸಾಲ ಮಾಡಿಕೊಳ್ಳುತ್ತಿದ್ದೇವೆ.

ಮಾರುವವರೂ ಹಾಲಲ್ಲಿ ಮಿಂದವರಲ್ಲ. ನಿದಾ ಬಟ್ಟೆ ಎಂದು ಬರೆದು ಅಗ್ಗದ ಪಾಲಿಯೆಸ್ಟರ್ ಕಳಿಸುವುದು, ಗೂಗಲ್‌ನಿಂದ ತೆಗೆದ ದುಬೈ ಮಾಡೆಲ್‌ನ ಫೋಟೋ ಹಾಕಿ ಮನೆಯಲ್ಲಿ ಹೊಲಿದದ್ದನ್ನು ಕೊಡುವುದು, ಅಳತೆಯ ಪಟ್ಟಿಯನ್ನು ಇನ್ನೊಬ್ಬರಿಂದ ನಕಲು ಮಾಡುವುದು ಎಲ್ಲ ಇದೆ. ಅಂಥವರ ಮಾಲು ತಡವಾಗಿ ಬಂದರೂ ಅದು ದೋಷದ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆ ವಾಯಿದೆಯ ನೆಪ ಹೇಳಲಾಗದು.

ಕೈಲಾದಷ್ಟು ಮಾಡಿಕೊಳ್ಳುವ ದಾರಿಗಳೂ ಇವೆ. ನಾವು ವ್ಯಾಪಾರಿಗಳಲ್ಲ, ಈ ಮಾತುಗಳನ್ನು ಆ ಮನೆಯವರಿಂದಲೇ, ಮತ್ತೆ ತೊಕ್ಕೊಟ್ಟಿನಲ್ಲಿ ಇದೇ ಕೆಲಸ ಮಾಡುವ ನಮ್ಮ ಒಬ್ಬ ಹಳೆಯ ವಿದ್ಯಾರ್ಥಿಯಿಂದ ಕೇಳಿ ತಿಳಿದದ್ದು. ವಾಪಸ್ ಬಂದ ಪಾರ್ಸೆಲನ್ನು ಯಾವತ್ತೂ ಹಾಗೇ ಬಿಚ್ಚಬಾರದು. ಹೊರಗಿನ ಚೀಟಿಯ ನಂಬರಿನಿಂದ ಹಿಡಿದು ಒಳಗಿನ ಮಾಲಿನ ತನಕ ಎಲ್ಲೂ ನಿಲ್ಲಿಸದೆ ಒಂದೇ ವೀಡಿಯೊ ತೆಗೆಯಬೇಕು. ಬದಲಿ ಮಾಲು ಬಂದಿದೆ, ಉಪಯೋಗಿಸಿದ್ದಾರೆ ಎಂದು ಪರಿಹಾರ ಕೇಳುವಾಗ ಅದೊಂದೇ ಸಾಕ್ಷಿ. ಪರಿಹಾರ ಕೇಳುವ ಅವಧಿ ಮಾಲು ಕೈಸೇರಿದ ದಿನದಿಂದ ಓಡಲು ಶುರುವಾಗುತ್ತದೆ, ಅದು ಚಿಕ್ಕದು. ನಾಳೆ ನೋಡುವ ಎಂದರೆ ಹೋಯಿತು. ಗಿರಾಕಿ ವಾಪಸ್ ಕೇಳಿದ ದಿನವನ್ನೂ ಮಾಲು ತಲುಪಿದ ದಿನವನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದಿಡಬೇಕು, ಯಾಕೆಂದರೆ ತಡ ಯಾರದ್ದು ಎಂದು ತೋರಿಸುವುದು ಆ ಎರಡು ದಿನಾಂಕ. ಎದೆಯ ಮೇಲೆ ಎದ್ದು ಕಾಣುವ ಕಡೆ, ಕತ್ತರಿಸದೆ ತೊಡಲಾಗದ ಹಾಗೆ ಟ್ಯಾಗ್ ಹಾಕಿದರೆ ಒಂದು ದಿನಕ್ಕೆ ತೊಟ್ಟು ತಿರುಗಿಸುವ ಚಾಳಿ ತಾನಾಗಿ ಕಡಿಮೆಯಾಗುತ್ತದೆ.

ತೆರಿಗೆಯ ಒಂದು ವಿಷಯದಲ್ಲಿ ಹಲವರು ಎಡವಿದ್ದಾರೆ. ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ ಮಾಡಿ ಕಟ್ಟಿದ ಜಿಎಸ್‌ಟಿಯನ್ನು ಸರಿಹೊಂದಿಸಬಹುದು. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ಒಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನದೊಳಗೆ, ತೋರಿಸಬೇಕು. 2025ರ ಸೆಪ್ಟೆಂಬರ್ 22ರಂದು ದರ ಬದಲಾಗಿ 1,000ದಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 12 ಇದ್ದದ್ದು 5 ಆಯಿತಲ್ಲ, ಅದಕ್ಕೆ ಮುಂಚೆ ಮಾರಿ ಆಮೇಲೆ ವಾಪಸ್ ಬಂದದ್ದಕ್ಕೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕಿತ್ತು. ಹೊಸ ದರ ಹಾಕಿ ಕಳೆದುಕೊಂಡವರಿದ್ದಾರೆ. ಲೆಕ್ಕ ಬರೆಯುವವರ ಹತ್ತಿರ ಒಮ್ಮೆ ಕೇಳಿ ನೋಡಿ.

ಆ ಮನೆಯವರು ಈಗ ಎರಡು ಬದಲಾವಣೆ ಮಾಡಿಕೊಂಡಿದ್ದಾರೆ. ಹಬ್ಬಕ್ಕೆ ಹನ್ನೆರಡು ದಿನ ಇರುವಾಗಲೇ ದೂರದ ರಾಜ್ಯಗಳ ಆರ್ಡರ್ ನಿಲ್ಲಿಸುವುದು. ಮತ್ತೆ, ಅರ್ಧದಷ್ಟು ಮಾಲನ್ನು ಕಂಪೆನಿಗೆ ಕೊಡದೆ ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಮಾರುವುದು. ಅಲ್ಲಿ ವಾಪಸ್ ಮಾಡಲು ಮೂರು ದಿನ ಎಂದು ಮೊದಲೇ ಬರೆದು ಕಳಿಸುತ್ತಾರೆ. ಮೂರು ದಿನ ಯಾಕೆ ಎಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ.

ಮೊನ್ನೆ ಉಪ್ಪಿನಂಗಡಿ ಕಡೆಯ ಒಬ್ಬರಿಂದ ಅವರಿಗೆ ಮೆಸೇಜ್ ಬಂತಂತೆ. ಮಗಳಿಗೆ ತರಿಸಿದ ಅಬಾಯ ಅಳತೆಗೆ ಆಗಲಿಲ್ಲ, ಉಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರಿಂದ ಹೇಳ್ಲಿಕ್ಕೆ ಮರೆತೇಹೋಯಿತು, ಹತ್ತೊಂಬತ್ತು ದಿನ ಆಯಿತು, ಆಗುದಿಲ್ಲ ಎಂದರೆ ಬೇಜಾರಿಲ್ಲ ಎಂದು. ಇವರು ಕಳಿಸಿ ಎಂದರು. ಪಾರ್ಸೆಲ್ ಬಂತು. ತಾವೇ ಕೊರಿಯರ್ ಹಣ ಕೊಟ್ಟು ಕಳಿಸಿದ್ದರು, ಮಡಿಕೆಯೂ ಬಿಚ್ಚಿರಲಿಲ್ಲ. ಪೂರ್ತಿ ಹಣ ಅದೇ ರಾತ್ರಿ ವಾಪಸ್ ಹಾಕಿದರಂತೆ. ಅದನ್ನು ನಮಗೆ ಹೇಳುವಾಗ ಅವರ ದನಿಯಲ್ಲಿ ನಷ್ಟದ ಮಾತೇ ಇರಲಿಲ್ಲ.

ಅತ್ತರಿನ ನಾಲ್ಕರಲ್ಲಿ ಮೂರನ್ನು 'ಒಮ್ಮೆ ವಾಪಸ್ ಬಂದದ್ದು' ಎಂದು ಬರೆದು 600 ರೂಪಾಯಿಯಂತೆ ಮಾರಿದರು. ಬಿರಿಯಾನಿ ಎಣ್ಣೆಯದ್ದು ಮೂರು ಸಲ ತೊಳೆದರೂ ಹೋಗಲಿಲ್ಲ. ಅದನ್ನು ಈಗ ಅವರೇ ತೊಡುತ್ತಾರೆ, ತೋಳು ಸ್ವಲ್ಪ ಮಡಚಿ ಹೊಲಿದು.